ಒಂದು ಬ್ರ್ಯಾಕೆಟ್ ಒತ್ತಿದರೆ ಎರಡು ಬರುತ್ತಿದೆಯೇ? ನಿಲ್ಲಿಸುವುದು ಹೀಗೆ

"ಅಂಕಲ್, ಕೀಬೋರ್ಡ್ ಕೆಟ್ಟಿದೆ ಅನ್ಸತ್ತೆ. ಒಂದು ಬ್ರ್ಯಾಕೆಟ್ ಒತ್ತಿದ್ರೆ ಎರಡು ಬರ್ತಿದೆ."

ಪಕ್ಕದ ಮನೆಯ ಹುಡುಗಿ ಲ್ಯಾಪ್‌ಟಾಪ್ ಹಿಡಿದುಕೊಂಡೇ ಬಂದಿದ್ದಳು. ಡಿಪ್ಲೊಮಾ ಎರಡನೇ ವರ್ಷ. ನೋಡಿದರೆ ಕೀಬೋರ್ಡ್ ಚೆನ್ನಾಗಿಯೇ ಇತ್ತು. ಎರಡನೇ ಬ್ರ್ಯಾಕೆಟ್ ಹಾಕುತ್ತಿದ್ದುದು ಅವಳ ಕೋಡ್ ಎಡಿಟರ್, ಅಂದರೆ ಪ್ರೋಗ್ರಾಮ್ ಬರೆಯುವ ತಂತ್ರಾಂಶ. ಅದು ಕೆಟ್ಟಿರಲಿಲ್ಲ, ಸಹಾಯ ಮಾಡುತ್ತಿತ್ತು ಅಷ್ಟೇ. ಕೇಳದೆ ಮಾಡುವ ಸಹಾಯ ಹೇಗಿರುತ್ತದೆ ಅಂತ ನಿಮಗೂ ಗೊತ್ತಲ್ವಾ?

ಅವಳು ಬಳಸುತ್ತಿದ್ದುದು ವಿಷುಯಲ್ ಸ್ಟುಡಿಯೊ ಕೋಡ್. ಎಲ್ಲರ ಬಾಯಲ್ಲಿ ಅದು ವಿಎಸ್ ಕೋಡ್. 2015ರಲ್ಲಿ ಮೈಕ್ರೋಸಾಫ್ಟ್ ಹೊರತಂದ ಈ ಎಡಿಟರ್ ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಇವತ್ತು ಅದನ್ನೇ ಹಿಡಿದು ಹೇಳುತ್ತೇನೆ. ಬೇರೆ ಎಡಿಟರ್‌ಗಳಲ್ಲಿ ಹೆಸರು ಬೇರೆ ಇರಬಹುದು, ಕಾಟ ಹೆಚ್ಚುಕಡಿಮೆ ಇದೇ.

ಮೊದಲು ಕಾಟ ಕೊಡುತ್ತಿರುವುದು ಯಾರು ಅಂತ ಹಿಡಿಯಿರಿ

ಹೆಚ್ಚಿನವರು ಸಿಟ್ಟಿನಲ್ಲಿ ಎಲ್ಲವನ್ನೂ ಒಟ್ಟಿಗೆ ಆಫ್ ಮಾಡಿಬಿಡುತ್ತಾರೆ. ಎರಡು ದಿನ ಬಿಟ್ಟು, ಬೇಕಾಗಿದ್ದೂ ಹೋಯಿತು ಅಂತ ಮತ್ತೆ ಎಲ್ಲವನ್ನೂ ಆನ್ ಮಾಡುತ್ತಾರೆ. ಅದರ ಬದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಬೇಡದ ಅಕ್ಷರ ಬಂದದ್ದು ಯಾವ ಕೀ ಒತ್ತಿದಾಗ?

ಬ್ರ್ಯಾಕೆಟ್ ಒತ್ತಿದಾಗಲೇ ಜೋಡಿ ಬಂದರೆ ಅದು ಒಂದು ಸೌಲಭ್ಯ. ಎಂಟರ್ ಒತ್ತಿದಾಗ ಪದ ಬದಲಾದರೆ ಬೇರೆಯದೇ. ಚುಕ್ಕಿ ಇಟ್ಟಾಗ, ಫೈಲ್ ಸೇವ್ ಮಾಡಿದಾಗ, ಸುಮ್ನೆ ಕೂತಿದ್ದಾಗ ಬಂದರೆ ಅವು ಮತ್ತೆ ಬೇರೆ ಬೇರೆ. ಒಂದೊಂದಕ್ಕೂ ಪ್ರತ್ಯೇಕ ಸ್ವಿಚ್ ಇದೆ. ಕೀ ಯಾವುದು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಸೆಟ್ಟಿಂಗ್ಸ್ ತೆರೆಯಲು ಕಂಟ್ರೋಲ್ ಹಿಡಿದು ಅಲ್ಪವಿರಾಮದ ಕೀ ಒತ್ತಿ. ಮ್ಯಾಕ್ ಆದರೆ ಕಮಾಂಡ್ ಮತ್ತು ಅಲ್ಪವಿರಾಮ. ಮೇಲೆ ಹುಡುಕುವ ಪೆಟ್ಟಿಗೆ ಇರುತ್ತದೆ. ಕೆಳಗೆ ಸೆಟ್ಟಿಂಗ್‌ಗಳ ಹೆಸರನ್ನು ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ. ಹುಡುಕುವಾಗ ಅದನ್ನೇ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ. ಬದಲಾಯಿಸಿದ್ದು ತಾನಾಗಿ ಉಳಿದುಕೊಳ್ಳುತ್ತದೆ, ಸೇವ್ ಮಾಡಬೇಕಿಲ್ಲ.

ಬ್ರ್ಯಾಕೆಟ್ ಮತ್ತು ಕೋಟ್

'ಆಟೋ ಕ್ಲೋಸಿಂಗ್' ಅಂತ ಹುಡುಕಿ. 'ಎಡಿಟರ್: ಆಟೋ ಕ್ಲೋಸಿಂಗ್ ಬ್ರ್ಯಾಕೆಟ್ಸ್' ಸಿಗುತ್ತದೆ. ಅದರಲ್ಲಿ ನಾಲ್ಕು ಆಯ್ಕೆಗಳಿವೆ. 'ಆಲ್‌ವೇಸ್' ಇಟ್ಟರೆ ಸದಾ ಜೋಡಿ ಹಾಕುತ್ತದೆ. 'ಲ್ಯಾಂಗ್ವೇಜ್ ಡಿಫೈನ್ಡ್' ಇಟ್ಟರೆ ಆಯಾ ಪ್ರೋಗ್ರಾಮಿಂಗ್ ಭಾಷೆಯ ನಿಯಮದಂತೆ ನಡೆಯುತ್ತದೆ. ಹೊಸದಾಗಿ ಹಾಕಿದ ವಿಎಸ್ ಕೋಡ್‌ನಲ್ಲಿ ಇರುವುದು ಇದೇ. 'ಬಿಫೋರ್ ವೈಟ್‌ಸ್ಪೇಸ್' ಅಂದರೆ ಕರ್ಸರ್‌ನ ಮುಂದೆ ಖಾಲಿ ಜಾಗ ಇದ್ದರೆ ಮಾತ್ರ. 'ನೆವರ್' ಅಂದರೆ ಯಾವತ್ತೂ ಬೇಡ.

'ನೆವರ್' ಆರಿಸಿದರೆ ಬ್ರ್ಯಾಕೆಟ್ ಕಾಟ ಮುಗಿಯಿತು. ಆದರೆ ಕೋಟ್‌ಗೆ, ಅಂದರೆ ಉದ್ಧರಣ ಚಿಹ್ನೆಗೆ, ಬೇರೆ ಸ್ವಿಚ್ ಇದೆ: 'ಆಟೋ ಕ್ಲೋಸಿಂಗ್ ಕೋಟ್ಸ್'. ಇದನ್ನು ಮರೆತು, "ಆಫ್ ಮಾಡಿದೆ, ಆದ್ರೂ ಬರ್ತಿದೆ" ಅನ್ನುವವರೇ ಜಾಸ್ತಿ. ಕಾಮೆಂಟ್‌ನ (ಕೋಡ್ ನಡುವೆ ನಾವು ಬರೆದಿಡುವ ಟಿಪ್ಪಣಿಯ) ಕೊನೆಯ ಗುರುತು ತಾನಾಗಿ ಬೀಳುವುದಕ್ಕೆ ಮೂರನೆಯದು, 'ಆಟೋ ಕ್ಲೋಸಿಂಗ್ ಕಾಮೆಂಟ್ಸ್'.

ಇನ್ನೊಂದು ಸಂಗತಿ ಇಲ್ಲಿಯೇ ಹೇಳಬೇಕು. ಮಾಮೂಲಾಗಿ ಎಡಿಟರ್ ಹಾಕಿದ ಜೋಡಿ ಬ್ರ್ಯಾಕೆಟ್ ಮುಂದೆ ನೀವೂ ಅದನ್ನೇ ಒತ್ತಿದರೆ ಹೊಸದು ಬೀಳುವುದಿಲ್ಲ, ಕರ್ಸರ್ ಅದನ್ನು ದಾಟಿ ಮುಂದೆ ಹೋಗುತ್ತದೆ. ಹಾಗಾದರೆ ಒಮ್ಮೊಮ್ಮೆ ಮುಚ್ಚುವ ಬ್ರ್ಯಾಕೆಟ್ ಎರಡೆರಡು ಬರುವುದೇಕೆ? ನೀವು ನಡುವೆ ಮೌಸ್ ಹಿಡಿದು ಬೇರೆ ಸಾಲಿಗೆ ಹೋಗಿ ಬಂದಿರುತ್ತೀರಿ. ಅಷ್ಟರಲ್ಲಿ, ಆ ಬ್ರ್ಯಾಕೆಟ್ ತಾನು ಹಾಕಿದ್ದು ಅನ್ನುವುದು ಎಡಿಟರ್‌ಗೆ ಮರೆತು ಹೋಗಿರುತ್ತದೆ. ಆಗ ನೀವು ಒತ್ತಿದ್ದು ಹೊಸದಾಗಿ ಬೀಳುತ್ತದೆ. ಹುಡುಗಿಗೆ ಆಗುತ್ತಿದ್ದುದೂ ಇದೇ. ಅವಳಿಗೆ ಜೋಡಿ ಬ್ರ್ಯಾಕೆಟ್ ಬೇಕಿತ್ತು, ಮೂರನೆಯದು ಬೇಡವಾಗಿತ್ತು. ಅಂಥವರು ಆಫ್ ಮಾಡುವುದೇ ಬೇಡ. 'ಆಟೋ ಕ್ಲೋಸಿಂಗ್ ಓವರ್‌ಟೈಪ್' ಅನ್ನುವುದನ್ನು 'ಆಟೋ'ದಿಂದ 'ಆಲ್‌ವೇಸ್'ಗೆ ಬದಲಾಯಿಸಿದರೆ ಸಾಕು. ಮುಂದೆ ಬ್ರ್ಯಾಕೆಟ್ ಇದ್ದರೆ ಕರ್ಸರ್ ದಾಟುತ್ತದೆ, ಅದನ್ನು ಹಾಕಿದವರು ಯಾರೇ ಆಗಿರಲಿ.

ಒಂದು ಪದ ಆಯ್ದು ಕೋಟ್ ಒತ್ತಿದರೆ ಪದ ಹೋಗಿ ಕೋಟ್ ಬರಬೇಕು ಅಂತ ಕೆಲವರು ಬಯಸುತ್ತಾರೆ. ಇಲ್ಲಿ ಪದದ ಸುತ್ತ ಕೋಟ್ ಬೀಳುತ್ತದೆ. ನನಗಂತೂ ಇದು ಇಷ್ಟ. ಬೇಡದವರು 'ಆಟೋ ಸರೌಂಡ್' ಹುಡುಕಿ 'ನೆವರ್' ಮಾಡಿ.

ಎಂಟರ್ ಒತ್ತಿದರೆ ಪದ ಬದಲಾಗುವುದು

ನನ್ನ ಪ್ರಕಾರ ಎಲ್ಲಕ್ಕಿಂತ ಅಪಾಯದ್ದು ಇದು. ಜಾಸ್ತಿ ಬಿದ್ದ ಬ್ರ್ಯಾಕೆಟ್ ಕಣ್ಣಿಗೆ ಬೀಳುತ್ತದೆ. ಬದಲಾದ ಪದ ಕಾಣುವುದೇ ಇಲ್ಲ.

ಒಂದು ಸಾದಾ ಟೆಕ್ಸ್ಟ್ ಫೈಲಿನಲ್ಲಿ ಹೆಸರುಗಳ ಪಟ್ಟಿ ಮಾಡುತ್ತಿದ್ದೀರಿ ಅಂದುಕೊಳ್ಳಿ. ಇಂಗ್ಲಿಷ್ ಅಕ್ಷರದಲ್ಲಿ ಮೊದಲು ರಾಮಪ್ಪ ಅಂತ ಬರೆದಿದ್ದೀರಿ. ನಾಲ್ಕು ಸಾಲು ಕೆಳಗೆ ರಾಮ ಅಂತ ಬರೆದು ಎಂಟರ್ ಒತ್ತುತ್ತೀರಿ. ಮುಂದಿನ ಸಾಲಿಗೆ ಹೋಗುವ ಬದಲು ರಾಮನೂ ರಾಮಪ್ಪ ಆಗಿ ಕೂರುತ್ತಾನೆ. ಯಾಕೆಂದರೆ ಫೈಲಿನಲ್ಲಿ ಆಗಲೇ ಇರುವ ಪದಗಳನ್ನು ಎಡಿಟರ್ ಸಲಹೆಯಾಗಿ ತೋರಿಸುತ್ತದೆ, ಎಂಟರ್ ಆ ಸಲಹೆಯನ್ನು ಒಪ್ಪಿಕೊಳ್ಳುತ್ತದೆ.

ಇದಕ್ಕೆ 'ಅಕ್ಸೆಪ್ಟ್ ಸಜೆಷನ್ ಆನ್ ಎಂಟರ್' ಹುಡುಕಿ, 'ಆಫ್' ಮಾಡಿ. ಸಲಹೆ ಕಾಣುತ್ತಲೇ ಇರುತ್ತದೆ. ಬೇಕಾದರೆ ಟ್ಯಾಬ್ ಒತ್ತಿ ತೆಗೆದುಕೊಳ್ಳಬಹುದು. ಎಂಟರ್ ಮಾತ್ರ ಇನ್ನು ಮುಂದೆ ಹೊಸ ಸಾಲಿಗೆ ಹೋಗುವ ಕೆಲಸವಷ್ಟೇ ಮಾಡುತ್ತದೆ. ಈ ಲೇಖನದಲ್ಲಿ ಒಂದೇ ಒಂದು ಬದಲಾವಣೆ ಮಾಡಿಕೊಳ್ಳುವುದಾದರೆ ಇದನ್ನೇ ಮಾಡಿಕೊಳ್ಳಿ.

ಜೊತೆಗೆ 'ಅಕ್ಸೆಪ್ಟ್ ಸಜೆಷನ್ ಆನ್ ಕಮಿಟ್ ಕ್ಯಾರೆಕ್ಟರ್' ಅಂತ ಅದರ ತಮ್ಮನೊಬ್ಬ ಇದ್ದಾನೆ. ಚುಕ್ಕಿ, ಸೆಮಿಕೋಲನ್‌ನಂಥ ಗುರುತು ಒತ್ತಿದರೂ ಸಲಹೆ ಒಳಗೆ ನುಗ್ಗುತ್ತದೆ. ಉದಾಹರಣೆಗೆ ಜಾವಾಸ್ಕ್ರಿಪ್ಟ್‌ನಲ್ಲಿ ಸೆಮಿಕೋಲನ್ ಹೀಗೆ ಮಾಡಬಲ್ಲದು. ಅಲ್ಲಿರುವ ಟಿಕ್ ತೆಗೆಯಿರಿ.

ತಪ್ಪಿ ಬಂದದ್ದನ್ನು ಒಂದೊಂದೇ ಅಕ್ಷರ ಅಳಿಸುತ್ತಾ ಕೂರಬೇಡಿ. ತಕ್ಷಣ ಕಂಟ್ರೋಲ್ ಝೆಡ್ ಒತ್ತಿ.

ಪದೇ ಪದೇ ಇಣುಕುವ ಪಟ್ಟಿ

ಸಲಹೆಯ ಪಟ್ಟಿಯೇ ಬೇಡ ಅನ್ನುವವರೂ ಇದ್ದಾರೆ. ಪ್ರೊಜೆಕ್ಟರ್‌ನಲ್ಲಿ ಪಾಠ ಮಾಡುವ ಮೇಷ್ಟ್ರಿಗೆ ಇದು ನಿಜಕ್ಕೂ ತೊಂದರೆ. ದೊಡ್ಡ ಅಕ್ಷರ ಇಟ್ಟಾಗ ಆ ಪಟ್ಟಿ ಅರ್ಧ ಕೋಡನ್ನೇ ಮುಚ್ಚಿಬಿಡುತ್ತದೆ.

'ಕ್ವಿಕ್ ಸಜೆಷನ್ಸ್' ಹುಡುಕಿ. ಅದರಲ್ಲಿ ಕಾಮೆಂಟ್, ಸ್ಟ್ರಿಂಗ್ (ಕೋಟ್ ಒಳಗಿನ ಪಠ್ಯ), ಉಳಿದದ್ದು ಅಂತ ಮೂರು ಸಾಲುಗಳಿವೆ. ಮೊದಲೆರಡು ಆಗಲೇ ಆಫ್ ಇರುತ್ತವೆ. 'ಅದರ್' ಅನ್ನುವ ಸಾಲನ್ನೂ ಆಫ್ ಮಾಡಿ. ಚುಕ್ಕಿ ಇಟ್ಟ ಕೂಡಲೇ ಬರುವ ಪಟ್ಟಿಗೆ 'ಸಜೆಸ್ಟ್ ಆನ್ ಟ್ರಿಗರ್ ಕ್ಯಾರೆಕ್ಟರ್ಸ್' ಟಿಕ್ ತೆಗೆಯಬೇಕು. ಫಂಕ್ಷನ್ ಬ್ರ್ಯಾಕೆಟ್ ತೆರೆದಾಗ ಮೇಲೆ ತೇಲುವ ಪೆಟ್ಟಿಗೆಗೆ 'ಪ್ಯಾರಾಮೀಟರ್ ಹಿಂಟ್ಸ್'. ಇಷ್ಟೆಲ್ಲ ಆಫ್ ಮಾಡಿದ ಮೇಲೂ, ಬೇಕಾದಾಗ ಕಂಟ್ರೋಲ್ ಮತ್ತು ಸ್ಪೇಸ್ ಒತ್ತಿದರೆ ಪಟ್ಟಿ ಬರುತ್ತದೆ. ಕರೆದಾಗ ಬರುತ್ತದೆ, ಕರೆಯದಿದ್ದರೆ ಇಲ್ಲ.

ನಡುವಿನ ದಾರಿಯೂ ಇದೆ. 'ಕ್ವಿಕ್ ಸಜೆಷನ್ಸ್ ಡಿಲೇ' ಅನ್ನುವುದು 10 ಮಿಲಿಸೆಕೆಂಡ್ ಇರುತ್ತದೆ. ಅಂದರೆ ಬೆರಳೆತ್ತುವಷ್ಟರಲ್ಲಿ ಹಾಜರು. ಅದನ್ನು 800 ಮಾಡಿ ನೋಡಿ. ಸರಾಗವಾಗಿ ಟೈಪ್ ಮಾಡುವಾಗ ಪಟ್ಟಿ ಕಾಣುವುದಿಲ್ಲ, ಯೋಚಿಸುತ್ತಾ ನಿಂತಾಗ ಬರುತ್ತದೆ. ರಾಮಪ್ಪನ ತರಹದ ಪದಗಳು ಮಾತ್ರ ಬೇಡ ಅಂದರೆ 'ವರ್ಡ್ ಬೇಸ್ಡ್ ಸಜೆಷನ್ಸ್' ಆಫ್ ಮಾಡಿದರೆ ಆಯಿತು.

ವೆಬ್ ಪುಟ ಬರೆಯುವವರಿಗೆ

ಎಚ್‌ಟಿಎಂಎಲ್ ಟ್ಯಾಗ್ ತೆರೆದ ಕೂಡಲೇ ಮುಚ್ಚುವ ಟ್ಯಾಗ್ ಬರುವುದಕ್ಕೆ 'ಎಚ್‌ಟಿಎಂಎಲ್: ಆಟೋ ಕ್ಲೋಸಿಂಗ್ ಟ್ಯಾಗ್ಸ್' ಕಾರಣ. ಸಮ ಚಿಹ್ನೆ ಒತ್ತಿದರೆ ಕೋಟ್ ಬರುವುದಕ್ಕೆ 'ಆಟೋ ಕ್ರಿಯೇಟ್ ಕೋಟ್ಸ್'. ಎರಡರಲ್ಲೂ ಟಿಕ್ ತೆಗೆಯುವುದಷ್ಟೇ ಕೆಲಸ. ಜಾವಾಸ್ಕ್ರಿಪ್ಟ್‌ನಲ್ಲಿ ಒಂದು ಸಲಹೆ ಒಪ್ಪಿದರೆ ಫೈಲಿನ ಮೇಲ್ತುದಿಯಲ್ಲಿ ಇಂಪೋರ್ಟ್ ಸಾಲು (ಬೇರೆ ಕಡೆಯ ಕೋಡನ್ನು ಕರೆತರುವ ಸಾಲು) ಸದ್ದಿಲ್ಲದೆ ಸೇರಿಕೊಳ್ಳುವುದುಂಟು. ಅದು ಬೇಡವಾದರೆ 'ಆಟೋ ಇಂಪೋರ್ಟ್ಸ್' ಅಂತ ಹುಡುಕಿ.

ಬೂದು ಬಣ್ಣದ ಅಕ್ಷರಗಳು

ನೀವು ಟೈಪ್ ಮಾಡದೇ ಕರ್ಸರ್ ಮುಂದೆ ಮಸುಕಾಗಿ ಇಡೀ ಸಾಲು, ಕೆಲವೊಮ್ಮೆ ಇಡೀ ಫಂಕ್ಷನ್ ಮೂಡುತ್ತಿದೆಯೇ? ಇದು ಹಳೆಯ ಸಲಹೆಪಟ್ಟಿಯಲ್ಲ, ಎಐ. 2021ರಲ್ಲಿ ಗಿಟ್‌ಹಬ್ ಕೋಪೈಲಟ್ ಅನ್ನುವ, ಕೋಡ್ ಬರೆದುಕೊಡುವ ಎಐ ಪರೀಕ್ಷೆಗೆ ಬಂದಾಗಿನಿಂದ ಇದು ರೂಢಿಗೆ ಬಂತು. ಟ್ಯಾಬ್ ಒತ್ತಿದರೆ ಒಳಗೆ ಬರುತ್ತದೆ, ಎಸ್ಕೇಪ್ ಒತ್ತಿದರೆ ಹೋಗುತ್ತದೆ. ಸಾಲು ಸರಿಸಲು ಟ್ಯಾಬ್ ಒತ್ತಿದವರಿಗೆ ಹತ್ತು ಸಾಲು ಕೋಡ್ ಉಚಿತ!

ನಿಲ್ಲಿಸಲು 'ಎಡಿಟರ್: ಇನ್‌ಲೈನ್ ಸಜೆಸ್ಟ್ ಎನೇಬಲ್ಡ್' ಟಿಕ್ ತೆಗೆಯಿರಿ. ಕೆಳಗಿನ ಸ್ಟೇಟಸ್ ಬಾರ್‌ನಲ್ಲಿರುವ ಕೋಪೈಲಟ್ ಗುರುತು ಒತ್ತಿದರೆ, ಈಗ ತೆರೆದಿರುವ ಭಾಷೆಗೆ ಮಾತ್ರ ಬೇಡ ಅಂತಲೂ ಹೇಳಬಹುದು. ಎಐ ಸಂಬಂಧಿಸಿದ ಯಾವುದೂ ಬೇಡ ಅನ್ನುವವರಿಗೆ ಇತ್ತೀಚಿನ ಆವೃತ್ತಿಗಳಲ್ಲಿ 'ಚಾಟ್: ಡಿಸೇಬಲ್ ಎಐ ಫೀಚರ್ಸ್' ಇದೆ. ಕಲಿಯುವವರು ಮೊದಲ ಒಂದು ವರ್ಷ ಎಐ ಸಲಹೆಗಳನ್ನು ಆಫ್ ಇಟ್ಟುಕೊಳ್ಳುವುದು ಒಳ್ಳೆಯದು ಅಂತ ನನಗನ್ನಿಸುತ್ತದೆ. ಲೂಪ್ ಬರೆಯುವ ಮೊದಲೇ ಉತ್ತರ ಕಂಡರೆ ಯೋಚನೆ ಮಾಡುವುದು ಯಾವಾಗ?

ಸೇವ್ ಮಾಡಿದಾಗ ಕೋಡ್ ಜಾಗ ಬದಲಿಸಿದರೆ 'ಫಾರ್ಮ್ಯಾಟ್ ಆನ್ ಸೇವ್', ಪೇಸ್ಟ್ ಮಾಡಿದಾಗ ಬದಲಿಸಿದರೆ 'ಫಾರ್ಮ್ಯಾಟ್ ಆನ್ ಪೇಸ್ಟ್'. ಇವು ಮೂಲದಲ್ಲಿ ಆಫ್ ಇರುತ್ತವೆ. ಆನ್ ಆಗಿದ್ದರೆ ಯಾರೋ ಮಾಡಿದ್ದಾರೆ ಅಂತ ಅರ್ಥ. ಆ ಯಾರೋ ಬಹಳ ಸಲ ನಾವೇ.

ಆಫ್ ಮಾಡಿದರೂ ನಿಲ್ಲದಿದ್ದರೆ

ಸೆಟ್ಟಿಂಗ್ಸ್ ಪುಟದಲ್ಲಿ ಹುಡುಕುವ ಪೆಟ್ಟಿಗೆಯ ಕೆಳಗೆ 'ಯೂಸರ್', 'ವರ್ಕ್‌ಸ್ಪೇಸ್' ಅಂತ ಎರಡು ಟ್ಯಾಬ್ ಕಾಣುತ್ತವೆ. ಯೂಸರ್ ನಿಮ್ಮದು. ವರ್ಕ್‌ಸ್ಪೇಸ್ ತೆರೆದಿರುವ ಪ್ರಾಜೆಕ್ಟಿನದು. ಎರಡೂ ಬೇರೆ ಹೇಳಿದರೆ ಗೆಲ್ಲುವುದು ವರ್ಕ್‌ಸ್ಪೇಸ್. ಗೆಳೆಯರಿಂದ ಪ್ರಾಜೆಕ್ಟ್ ಫೋಲ್ಡರ್ ಕಾಪಿ ಮಾಡಿಕೊಂಡಿದ್ದರೆ ಅವರ ಸೆಟ್ಟಿಂಗ್ಸೂ ಜೊತೆಗೆ ಬಂದಿರಬಹುದು. ಹಾಗಾಗಿ ಅಲ್ಲೊಮ್ಮೆ ಇಣುಕಿ.

ಇನ್ನೊಂದು ಕಡೆ ಭಾಷೆವಾರು ಸೆಟ್ಟಿಂಗ್. ಪೈಥಾನ್‌ಗೆ ಅಂತಲೇ ಒಂದು ನಿಯಮ ಇದ್ದರೆ ನಿಮ್ಮ ಸಾಮಾನ್ಯ ನಿಯಮ ಅಲ್ಲಿ ನಡೆಯುವುದಿಲ್ಲ. ಹುಡುಕುವ ಪೆಟ್ಟಿಗೆಯ ಬಲತುದಿಯಲ್ಲಿ ಎಣ್ಣೆ ಸುರಿಯುವ ಆಲಿಕೆಯಂಥ ಗುರುತಿದೆ. ಅದನ್ನು ಒತ್ತಿ 'ಲ್ಯಾಂಗ್ವೇಜ್' ಆರಿಸಿ, ಭಾಷೆ ಹೇಳಿದರೆ ಅದರ ಸೆಟ್ಟಿಂಗ್ ಮಾತ್ರ ಕಾಣುತ್ತದೆ. ಅಲ್ಲೇ 'ಮಾಡಿಫೈಡ್' ಆರಿಸಿದರೆ ಇದುವರೆಗೆ ಬದಲಾಗಿದ್ದೆಲ್ಲ ಒಟ್ಟಿಗೆ ಸಿಗುತ್ತದೆ. ಬೇಡವೆನಿಸಿದ್ದರ ಪಕ್ಕದ ಗೇರ್ ಗುರುತು ಒತ್ತಿ 'ರೀಸೆಟ್ ಸೆಟ್ಟಿಂಗ್' ಅಂದರೆ ಮೊದಲಿನಂತಾಗುತ್ತದೆ.

ಇಷ್ಟೆಲ್ಲ ಮಾಡಿ ಕೊಟ್ಟ ಮೇಲೆ ಹುಡುಗಿ ಇನ್ನೊಂದು ಪ್ರಶ್ನೆ ಕೇಳಿದಳು. "ಲ್ಯಾಬ್ ಎಕ್ಸಾಮ್‌ನಲ್ಲಿ ಈ ಎಡಿಟರ್ ಇರಲ್ಲ ಅಂಕಲ್, ಅಲ್ಲಿ ಏನೂ ತಾನಾಗಿ ಬರಲ್ಲ. ಮನೇಲಿ ಹಾಗೇ ಪ್ರಾಕ್ಟೀಸ್ ಮಾಡೋದು ಹೇಗೆ?" ಅದಕ್ಕೆ ಪ್ರೊಫೈಲ್ ಇದೆ, ಅಂದರೆ ಸೆಟ್ಟಿಂಗ್‌ಗಳ ಪ್ರತ್ಯೇಕ ಕಟ್ಟು. ಎಡಗಡೆ ಕೆಳಮೂಲೆಯ ಗೇರ್ ಗುರುತು ಒತ್ತಿ, 'ಪ್ರೊಫೈಲ್ಸ್'ಗೆ ಹೋಗಿ ಹೊಸದೊಂದು ಮಾಡಿಕೊಂಡೆವು. ಅದರಲ್ಲಿ ಮೇಲೆ ಹೇಳಿದ್ದೆಲ್ಲ ಆಫ್. ಹಳೆಯ ಪ್ರೊಫೈಲ್ ಹಾಗೆಯೇ ಇದೆ, ಬೇಕೆಂದಾಗ ಅದಕ್ಕೆ ಮರಳಬಹುದು. ಹೊಸದಕ್ಕೆ ಅವಳು ಇಟ್ಟ ಹೆಸರು 'ಎಕ್ಸಾಮ್'. ಮೊದಲ ದಿನ ಇಪ್ಪತ್ತು ಸಾಲಿನ ಪ್ರೋಗ್ರಾಮಿನಲ್ಲಿ ಆರು ಬ್ರ್ಯಾಕೆಟ್ ಮುಚ್ಚುವುದು ಮರೆತಿದ್ದಳಂತೆ.