ಸೆರಗಿಗೆ ಕುಚ್ಚು, ಉಗುರಿಗೆ ತೆನಿ: ಓದಿನ ನಡುವೆ ನನ್ನ ಕೈಕೆಲಸ

ನಾನು ಧಾರವಾಡದಲ್ಲಿ ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದೇನೆ. ಇರುವುದು ಹುಬ್ಬಳ್ಳಿಯ ನವನಗರದಲ್ಲಿ, ಮೌಶಿಯ (ಅವ್ವನ ಸೋದರಿಯ) ಮನೆಯಲ್ಲಿ. ವಾರದಲ್ಲಿ ಮೂರು ಮಧ್ಯಾಹ್ನ ರಸಾಯನಶಾಸ್ತ್ರದ ಪ್ರಯೋಗಾಲಯ, ಸಂಜೆ ಮನೆಗೆ ಬಂದರೆ ರೆಕಾರ್ಡ್ ಬರೆಯುವುದು, ಆಮೇಲೆ ಓದು. ಇಷ್ಟರ ನಡುವೆ ಸೀರೆಗೆ ಕುಚ್ಚು ಹಾಕಲು, ಉಗುರಿಗೆ ಚಿತ್ತಾರ ಬರೆಯಲು ಪುರುಸೊತ್ತು ಎಲ್ಲಿಂದ ಬರುತ್ತದೆ ಎಂದು ಗೆಳತಿಯರು ಕೇಳುತ್ತಿರುತ್ತಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಕೈಕೆಲಸಗಳಲ್ಲಿ ಎರಡು ಜಾತಿ. ಯಾವ ಕ್ಷಣದಲ್ಲಾದರೂ ಕೆಳಗಿಟ್ಟು, ಮರುದಿನ ಅಲ್ಲಿಂದಲೇ ಎತ್ತಿಕೊಳ್ಳಬಹುದಾದದ್ದು ಒಂದು. ಹಿಡಿದ ಮೇಲೆ ಮುಗಿಯುವ ತನಕ ಕೈ ಬಿಡದಿರುವುದು ಇನ್ನೊಂದು. ಕುಚ್ಚು ಮೊದಲ ಜಾತಿಯದು, ಉಗುರುಬಣ್ಣ ಎರಡನೆಯದು. ಕಾಲೇಜು ಇರುವ ದಿನಗಳಿಗೆ ಮೊದಲನೆಯದನ್ನೂ ಶನಿವಾರ ರಾತ್ರಿಗೆ ಎರಡನೆಯದನ್ನೂ ಇಟ್ಟುಕೊಂಡ ಮೇಲೆ ನನ್ನ ಓದಿಗೂ ಕೈಕೆಲಸಕ್ಕೂ ಜಗಳ ನಿಂತಿತು.

ಮೊದಲು ಉಗುರು ಉಜ್ಜಿಕೊಳ್ಳಿ. ಕುಚ್ಚಿನ ರೇಷ್ಮೆ ದಾರ ಎಷ್ಟು ನಯವೆಂದರೆ, ಉಗುರಿನ ಒಂದು ಸಣ್ಣ ಒರಟು ಮೂಲೆಗೆ ಸಿಕ್ಕರೂ ಎಳೆ ಎದ್ದು ಬರುತ್ತದೆ. ಅರ್ಧ ಕಿತ್ತುಹೋದ ಉಗುರುಬಣ್ಣವೂ ಹಾಗೆಯೇ ದಾರವನ್ನು ಹಿಡಿಯುತ್ತದೆ. ಆದ್ದರಿಂದ ಭಾನುವಾರ ರಾತ್ರಿ ಹಳೆಯ ಬಣ್ಣವನ್ನು ಪೂರ್ತಿ ತೆಗೆದು, ಉಗುರನ್ನು ಗಿಡ್ಡವಾಗಿ ಕತ್ತರಿಸಿ, ಅಂಚನ್ನು ಒಂದೇ ದಿಕ್ಕಿನಲ್ಲಿ ಉಜ್ಜಿ ದುಂಡಗೆ ಮಾಡಿಕೊಳ್ಳುತ್ತೇನೆ. ವಾರದ ಕೆಲಸ ಅಲ್ಲಿಂದ ಶುರು.

ದಾರ ಕೊಳ್ಳಲು ಹೋಗುವಾಗ ಸೀರೆಯನ್ನು ಜೊತೆಗೆ ಒಯ್ಯಲೇಬೇಕು. ಸುಭಾಸ ರಸ್ತೆಯ ಅಂಗಡಿಗಳಿಗೆ ಬೆಳಕಿರುವಾಗಲೇ ಹೋಗಿ, ದಾರದ ಉಂಡೆಯನ್ನೂ ಸೆರಗನ್ನೂ ಬಾಗಿಲ ಬಳಿ ಬಿಸಿಲಿಗೆ ಹಿಡಿದು ನೋಡಿ. ಟ್ಯೂಬ್‌ಲೈಟಿನಲ್ಲಿ ಹೊಂದಿದ ಬಣ್ಣ ಹಗಲಿನಲ್ಲಿ ಹೊಂದದೇ ಹೋಗಬಹುದು. ಎರಡರ ನಡುವೆ ಅನುಮಾನ ಬಂದರೆ ಒಂದು ಛಾಯೆ ಗಾಢವಾದದ್ದನ್ನೇ ಆರಿಸಿ, ಕುಚ್ಚು ಎದ್ದು ಕಾಣುತ್ತದೆ.

ಸೆರಗಿನ ಅಂಚಿಗೆ ಪಿಕೋ (ಯಂತ್ರದ ಅಂಚುಹೊಲಿಗೆ) ಮಾಡಿಸಿರಬೇಕು, ಇಲ್ಲವೇ ಮಡಚಿ ಕೈಹೊಲಿಗೆ ಹಾಕಿರಬೇಕು. ಬರಿ ಅಂಚಿಗೆ ಕುಚ್ಚು ಕಟ್ಟಿದರೆ ಭಾರಕ್ಕೆ ಬಟ್ಟೆ ಬಿಡುತ್ತದೆ. ಆಮೇಲೆ ಅಳತೆ ಟೇಪು ಹಿಡಿದು ಇಂಚಿಗೊಂದರಂತೆ ಗುಂಡುಪಿನ್ನು ಚುಚ್ಚಿ. ಹೇಗೂ ಸೂಜಿ ಹೋಗುವ ಜಾಗವೇ ಅದು, ತೂತಿನ ಚಿಂತೆ ಬೇಡ. ಸೀರೆಯ ಅಗಲಕ್ಕೆ ಹೆಚ್ಚುಕಡಿಮೆ 45 ಕುಚ್ಚು ಬೀಳುತ್ತವೆ. ದಿನಕ್ಕೆ ಎಂಟು ಹಾಕಿದರೆ ಆರು ದಿನದ ಕೆಲಸ. ಒಂದಕ್ಕೆ ನನಗೆ ಮೂರು ನಿಮಿಷ ಹಿಡಿಯುತ್ತದೆ, ಎಂಟಕ್ಕೆ ಅರ್ಧ ಗಂಟೆಯೂ ಆಗುವುದಿಲ್ಲ.

ಹಳೆಯ ನೋಟ್‌ಬುಕ್ಕಿನ ರಟ್ಟನ್ನು 4 ಇಂಚು ಎತ್ತರಕ್ಕೆ ಕತ್ತರಿಸಿ, ಅದಕ್ಕೆ ದಾರವನ್ನು 20 ಸುತ್ತು ಸುತ್ತಿ, ಒಂದು ಬದಿಯಲ್ಲಿ ಕತ್ತರಿಸಿದರೆ 8 ಇಂಚಿನ 20 ಎಳೆಗಳ ಗೊಂಚಲು ಸಿಗುತ್ತದೆ. ಬೆಳಿಗ್ಗೆ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕರೆ ನಾನು ಈ ಸುತ್ತುವ ಕೆಲಸವನ್ನು ಅಲ್ಲಿಯೇ ಮುಗಿಸುತ್ತೇನೆ. ಬಸ್ಸಿನಲ್ಲಿ ಸೂಜಿಯನ್ನು ಮಾತ್ರ ಎಂದೂ ಹೊರಗೆ ತೆಗೆಯುವುದಿಲ್ಲ.

ಮನೆಯಲ್ಲಿ ಸೀರೆಯ ಅಂಚನ್ನು ದಿಂಬಿನ ಮೇಲೆ ಹರವಿ, ಜಾರದಂತೆ ಪಿನ್ನು ಹಾಕಿಕೊಳ್ಳಿ. ಎಳೆಗಳ ತುದಿಯನ್ನು ಒದ್ದೆ ಬೆರಳಿನಲ್ಲಿ ಹೊಸೆದು ದೊಡ್ಡ ಕಣ್ಣಿನ ಸೂಜಿಗೆ ಪೋಣಿಸಿ, ಅಂಚಿನಿಂದ ಕಾಲು ಇಂಚು ಒಳಗೆ ಚುಚ್ಚಿ, ಅರ್ಧದವರೆಗೆ ಎಳೆಯಿರಿ. ಎರಡೂ ಬದಿ ಸಮನಾಗಿ ಇಳಿಬಿದ್ದಾಗ 20 ಎಳೆ 40 ಆಗುತ್ತದೆ. ಅಂಚಿನ ಕೆಳಗೆ ಜರಿ ದಾರವನ್ನು ಐದು ಸುತ್ತು ಬಿಗಿಯಾಗಿ ಸುತ್ತಿ, ಗಂಟು ಹಾಕಿ, ಗಂಟಿನ ತುದಿಯನ್ನು ಸೂಜಿಯಿಂದ ಕುಚ್ಚಿನ ಒಳಕ್ಕೆ ನುಗ್ಗಿಸಿ. ಮಣಿ ಬೇಕೆಂದರೆ ಜರಿ ಸುತ್ತುವ ಮೊದಲೇ ಏರಿಸಬೇಕು.

ತುದಿ ಕತ್ತರಿಸುವ ಆತುರ ಬೇಡ. ನನ್ನ ಮೊದಲ ಸೀರೆಯಲ್ಲಿ ಪ್ರತಿ ಕುಚ್ಚನ್ನೂ ಕಟ್ಟಿದ ಕೂಡಲೇ ಕಣ್ಣಳತೆಯಲ್ಲಿ ಕತ್ತರಿಸಿದ್ದೆ. ಎರಡು ದಿನದ ಕುಚ್ಚುಗಳು ಒಂದು ಉದ್ದ, ಮೂರನೆಯ ದಿನದವು ಇನ್ನೊಂದು ಉದ್ದ ಬಂದವು. ಹನ್ನೊಂದು ಕುಚ್ಚು ಬಿಚ್ಚಿ ಮತ್ತೆ ಕಟ್ಟಿದೆ. ಈಗ ಎಲ್ಲ ಮುಗಿದ ಮೇಲೆ ಇಸ್ತ್ರಿಪೆಟ್ಟಿಗೆಯ ಹಬೆಯನ್ನು ದೂರದಿಂದ ತೋರಿಸಿ ಎಳೆ ನೆಟ್ಟಗೆ ಮಾಡಿ, ಎರಡೂವರೆ ಇಂಚಿನ ರಟ್ಟಿನ ಪಟ್ಟಿಯನ್ನು ಕೆಳಗಿಟ್ಟು, ಒಂದೇ ಬಾರಿಗೆ ಸಾಲಾಗಿ ಕತ್ತರಿಸುತ್ತೇನೆ.

ಬೇರೆಯವರ ಸೀರೆಗೆ ಹಾಕುವುದಾದರೆ ಕೂಲಿಯನ್ನೂ ಸೀರೆ ಮರಳಿ ಕೊಡುವ ದಿನವನ್ನೂ ಮೊದಲೇ ಮಾತಾಡಿಕೊಳ್ಳಿ. ಪರೀಕ್ಷೆಯ ತಿಂಗಳಲ್ಲಿ ನಾನು ಯಾರ ಸೀರೆಯನ್ನೂ ಒಪ್ಪಿಕೊಳ್ಳುವುದಿಲ್ಲ.

ಇನ್ನು ಶನಿವಾರ ರಾತ್ರಿ. ಸೀರೆ ಮಡಚಿ ಕಪಾಟು ಸೇರಿದ ಮೇಲೆಯೇ ಉಗುರುಬಣ್ಣದ ಸೀಸೆ ತೆರೆಯುವುದು. ಕಿಟಕಿ ತೆರೆದಿರಲಿ, ದೇವರ ದೀಪದಿಂದ ದೂರ ಕೂರಿ, ಆ ದ್ರಾವಣ ಬೇಗ ಬೆಂಕಿ ಹಿಡಿಯುತ್ತದೆ. ಸಾಬೂನಿನಲ್ಲಿ ಕೈ ತೊಳೆದು ಒರೆಸಿಕೊಳ್ಳಿ, ಎಣ್ಣೆಯಂಶವಿದ್ದರೆ ಬಣ್ಣ ಹಿಡಿಯದು.

ನನಗೆ ತುಂಬ ಪ್ರಿಯವಾದ ಚಿತ್ತಾರ ಅವ್ವನ ಇಳಕಲ್ ಸೀರೆಯಿಂದ ಬಂದದ್ದು. ಅದರ ತೋಪು ತೆನಿ (ಹಲ್ಲುಹಲ್ಲಾದ ಚಿತ್ತಾರದ) ಸೆರಗಿನಲ್ಲಿ ಮೂರು ಕೆಂಪು ಪಟ್ಟೆ, ಅವುಗಳ ನಡುವೆ ಎರಡು ಬಿಳಿ ಪಟ್ಟೆ. ಒಂದು ದಿನ ಸೆರಗಿನ ಮೇಲೆ ಅಂಗೈ ಊರಿ ಕುಳಿತಿದ್ದಾಗ ಹೊಳೆಯಿತು: ಬೆರಳುಗಳೂ ಐದೇ! ಹೆಬ್ಬೆರಳು, ನಡುಬೆರಳು, ಕಿರುಬೆರಳಿಗೆ ಕೆಂಪು. ತೋರುಬೆರಳು, ಉಂಗುರ ಬೆರಳಿಗೆ ಬಿಳಿ. ಕೈಯೇ ಸೆರಗಾಗುತ್ತದೆ.

ಮೊದಲು ಬಣ್ಣವಿಲ್ಲದ ಒಂದು ಲೇಪ, ಆಮೇಲೆ ಬಣ್ಣದ ಎರಡು ತೆಳು ಲೇಪ, ನಡುವೆ ಐದೈದು ನಿಮಿಷ ಬಿಡುವು. ತೆಳು ಎಂಬುದನ್ನು ಒತ್ತಿ ಹೇಳುತ್ತೇನೆ. ಬಣ್ಣ ಒಣಗುವುದೆಂದರೆ ಅದರಲ್ಲಿರುವ ಈಥೈಲ್ ಅಸಿಟೇಟ್, ಬ್ಯೂಟೈಲ್ ಅಸಿಟೇಟ್‌ನಂಥ ದ್ರಾವಕಗಳು ಆವಿಯಾಗಿ, ನೈಟ್ರೋಸೆಲ್ಯುಲೋಸ್‌ನ ಪೊರೆ ಉಳಿಯುವುದು. ದಪ್ಪ ಬಳಿದರೆ ಮೇಲಿನ ಪೊರೆ ಮೊದಲೇ ಗಟ್ಟಿಯಾಗಿ ಕೆಳಗಿನ ದ್ರಾವಕ ಸಿಕ್ಕಿಬೀಳುತ್ತದೆ. ಒಣಗಿತೆಂದು ಮಲಗಿದರೆ ಬೆಳಿಗ್ಗೆ ಹೊದಿಕೆಯ ನೇಯ್ಗೆ ಉಗುರಿನ ಮೇಲೆ ಅಚ್ಚಾಗಿರುತ್ತದೆ.

ಹಣಿಗೆಯ ಹಲ್ಲಿನಂಥ ತೆನಿ ಮೂಡಿಸಲು ಮೌಶಿಯ ಹೊಲಿಗೆ ಪೆಟ್ಟಿಗೆಯಲ್ಲಿರುವ ಅಂಕುಡೊಂಕು ಅಲಗಿನ ಕತ್ತರಿ ಬೇಕು. ಅದರಿಂದ ಸೆಲ್ಲೋಟೇಪನ್ನು ಕತ್ತರಿಸಿ, ಅಂಟು ಸ್ವಲ್ಪ ಕಡಿಮೆಯಾಗಲೆಂದು ಒಮ್ಮೆ ಮುಂಗೈಗೆ ಅಂಟಿಸಿ ಕೀಳಿ. ಪೂರ್ತಿ ಒಣಗಿದ ಕೆಂಪು ಉಗುರಿನ ಬುಡದ ಕಡೆಗೆ ಅಂಟಿಸಿ, ಅಂಚನ್ನು ಒತ್ತಿ, ತುದಿಗೆ ಬಿಳಿ ಬಳಿದು, ಬಣ್ಣ ಹಸಿಯಿರುವಾಗಲೇ ಟೇಪನ್ನು ಮೆಲ್ಲಗೆ ಎತ್ತಬೇಕು. ಒಣಗಿದ ಮೇಲೆ ಎತ್ತಿದರೆ ಹಲ್ಲುಗಳು ಮುರಿಯುತ್ತವೆ. ಒಂದು ಉಗುರಿಗೆ ಎರಡು ಮೂರು ಹಲ್ಲು ಬೀಳುತ್ತವೆ, ಅಷ್ಟು ಸಾಕು. ಬಿಳಿ ಉಗುರಿಗೆ ಗುಂಡುಪಿನ್ನಿನ ತಲೆಯನ್ನು ಕೆಂಪಿನಲ್ಲಿ ಅದ್ದಿ ಒಂದು ಸಾಲು ಚುಕ್ಕೆ ಇಡಿ.

ಬಲಗೈಯವರು ಬಲಗೈ ಉಗುರನ್ನೇ ಮೊದಲು ಮುಗಿಸಿ. ಎಡಗೈಗೆ ದಣಿವಾಗುವ ಮೊದಲು ಕಷ್ಟದ ಕೆಲಸ ಆಗಿಬಿಡಲಿ. ಮೊಣಕೈಯನ್ನು ಮೇಜಿಗೆ ಊರಿ, ಬ್ರಷ್ಷನ್ನು ತಿರುಗಿಸುವ ಬದಲು ಬೆರಳನ್ನು ತಿರುಗಿಸಿ. ಹತ್ತು ನಿಮಿಷ ಬಿಟ್ಟು ಮೇಲಿನ ಲೇಪ ಕೊಡುವಾಗ ಉಗುರಿನ ತುದಿಯ ದಪ್ಪಕ್ಕೂ ಒಂದು ಗೆರೆ ಎಳೆಯಿರಿ, ಬಣ್ಣ ಏಳುವುದು ಅಲ್ಲಿಂದಲೇ. ಊಟ ಮುಗಿಸಿ ಎಂಟೂವರೆಗೆ ಕೂತರೆ ಮಲಗುವ ಹೊತ್ತಿಗೆ ಗಟ್ಟಿಯಾಗಿರುತ್ತದೆ. ಒಣಗುವ ಸಮಯ ನನಗೆ ಬಾಯಿಪಾಠದ ಸಮಯ. ಸಾವಯವ ರಸಾಯನಶಾಸ್ತ್ರದ ಕ್ರಿಯೆಗಳನ್ನು ನಾನು ಹೇಳುತ್ತಾ ಹೋಗುತ್ತೇನೆ, ಮೌಶಿಯ ಮಗಳು ಪುಸ್ತಕ ಹಿಡಿದು ತಪ್ಪು ಹುಡುಕುತ್ತಾಳೆ.

ಈ ಚಿತ್ತಾರ ನನ್ನ ಕೈಯಲ್ಲಿ ಇರುವುದು ಭಾನುವಾರ ಒಂದು ದಿನ. ಸೋಮವಾರ ಲ್ಯಾಬಿನಲ್ಲಿ ಗಾಜಿನ ಸಾಮಾನನ್ನು ಅಸಿಟೋನಿನಿಂದ ತೊಳೆಯಬೇಕು, ಅದರ ಮುಂದೆ ಯಾವ ಉಗುರುಬಣ್ಣವೂ ನಿಲ್ಲದು. ಹಾಗಾಗಿ ರಾತ್ರಿಯೇ ರಿಮೂವರಿನಲ್ಲಿ ನೆನೆದ ಹತ್ತಿಯನ್ನು ಉಗುರಿನ ಮೇಲೆ ಹತ್ತು ಎಣಿಸುವವರೆಗೆ ಒತ್ತಿ ಹಿಡಿದು, ಬುಡದಿಂದ ತುದಿಗೆ ಒಂದೇ ಸಲ ಒರೆಸುತ್ತೇನೆ. ಒಣಗಿದ ಉಗುರಿಗೆ ತೆಂಗಿನೆಣ್ಣೆ ತಿಕ್ಕಿ, ಸ್ವಲ್ಪ ಹೊತ್ತಿಗೆ ಸಾಬೂನಿನಲ್ಲಿ ಚೆನ್ನಾಗಿ ತೊಳೆಯುತ್ತೇನೆ, ಎಣ್ಣೆ ಕೈ ರೇಷ್ಮೆಗೆ ತಾಗಬಾರದು. ಪಕ್ಕದ ಮನೆಯ ಅಕ್ಕನ ನವಿಲುಗರಿ ಬಣ್ಣದ ಸೀರೆ ಕಾಯುತ್ತಿದೆ. ನಾಳೆಯ ಎಂಟು ಕುಚ್ಚಿಗೆ ದಾರವನ್ನು ಸುತ್ತಿ ಚೀಲಕ್ಕೆ ಹಾಕಿಟ್ಟಿದ್ದೇನೆ.