ಕೋರಲ್ ಡ್ರಾ ಪಕ್ಕದಲ್ಲಿ ತೇಲುವ ವಿಡಿಯೋ: ನನ್ನ ಅನುಭವ

ಬೆಂಗಳೂರಿನ ಸುಲ್ತಾನ್‌ಪೇಟೆಯ ಕಾರ್ಡ್ ಅಂಗಡಿಯೊಂದರಲ್ಲಿ ನಾನು ಡಿಟಿಪಿ ಮಾಡುತ್ತೇನೆ. ಲಗ್ನಪತ್ರಿಕೆ, ಗೃಹಪ್ರವೇಶ, ನಾಮಕರಣ, ಎಲ್ಲಾ ಬರುತ್ತವೆ. ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪ್, ಕೋರಲ್ ಡ್ರಾ ಅನ್ನೋ ಡಿಸೈನ್ ತಂತ್ರಾಂಶದಲ್ಲಿ ಜೋಡಣೆ. ಇದರ ಜೊತೆಗೆ ಸ್ಕ್ರೀನಿನ ಮೂಲೆಯಲ್ಲಿ, ಎಲ್ಲದರ ಮೇಲೆ ತೇಲುವ ಪುಟ್ಟ ಕಿಟಕಿಯೊಳಗೆ ಒಂದು ವಿಡಿಯೋ ಓಡುತ್ತಲೇ ಇರುತ್ತದೆ. ಇದಕ್ಕೆ 'ಪಿಕ್ಚರ್ ಇನ್ ಪಿಕ್ಚರ್' ಅಂತಾರೆ. ಎಲ್ಲಾ ಕೆಲಸಕ್ಕೂ ಇದು ಒಗ್ಗಲ್ಲ, ಒಗ್ಗುವ ಕಡೆ ಮಾತ್ರ ಬಹಳ ಅನುಕೂಲ.

ಮಾಡುವುದು ಸುಲಭ. ಕ್ರೋಮ್‌ನಲ್ಲಿ ಯೂಟ್ಯೂಬ್ ವಿಡಿಯೋ ಮೇಲೆ ರೈಟ್ ಕ್ಲಿಕ್ ಮಾಡಿದರೆ ಮೊದಲು ಯೂಟ್ಯೂಬಿನದೇ ಮೆನು ಬರುತ್ತದೆ, ಅದನ್ನು ಬಿಟ್ಟು ಅಲ್ಲೇ ಇನ್ನೊಂದು ಸಲ ರೈಟ್ ಕ್ಲಿಕ್ ಮಾಡಿದರೆ ಬ್ರೌಸರ್ ಮೆನು ಬರುತ್ತದೆ, ಅದರಲ್ಲಿ 'ಪಿಕ್ಚರ್ ಇನ್ ಪಿಕ್ಚರ್' ಇರುತ್ತದೆ. ಕಂಪ್ಯೂಟರ್ ಕ್ರೋಮ್‌ಗೆ ಇದು 2018ರಲ್ಲೇ ಬಂತು. ವಿಂಡೋಸ್‌ನ ಫೈರ್‌ಫಾಕ್ಸ್‌ಗೆ ಬಂದಿದ್ದು 2019ರ ಡಿಸೆಂಬರ್‌ನಲ್ಲಿ, ಅಲ್ಲಿ ವಿಡಿಯೋ ಮೇಲೆ ಮೌಸ್ ಇಟ್ಟರೆ ಬಟನ್ನೇ ಕಾಣುತ್ತದೆ. ಆಮೇಲೆ ಬ್ರೌಸರ್ ಮಿನಿಮೈಸ್ ಮಾಡಿದರೂ ಪುಟ್ಟ ಕಿಟಕಿ ಎಲ್ಲದರ ಮೇಲೆ ನಿಂತಿರುತ್ತದೆ. ಟ್ಯಾಬ್ ಮಾತ್ರ ಮುಚ್ಚಬಾರದು, ಅದು ಹೋದರೆ ಇದೂ ಹೋಯಿತು.

ಯೂಟ್ಯೂಬಿನ ಮಿನಿ ಪ್ಲೇಯರ್ ಬೇರೆ, ಇದು ಬೇರೆ. ಅದು ಯೂಟ್ಯೂಬ್ ಪುಟದೊಳಗೇ ಮೂಲೆಗೆ ಹೋಗಿ ಕೂರುತ್ತದೆ, ಕೋರಲ್ ಡ್ರಾ ತೆರೆದರೆ ಹಿಂದೆ ಬೀಳುತ್ತದೆ.

ನಾನು ಹೆಚ್ಚಾಗಿ ಫೈರ್‌ಫಾಕ್ಸ್ ಬಳಸುತ್ತೇನೆ. ಕಾರಣ ಸಬ್‌ಟೈಟಲ್. ತೇಲುವ ಕಿಟಕಿಗೆ ಬರುವುದು ಬರೀ ವಿಡಿಯೋ, ಪುಟದ ಮಿಕ್ಕ ಸಾಮಾನೆಲ್ಲ ಹಿಂದೆಯೇ ಉಳಿಯುತ್ತದೆ. ಯೂಟ್ಯೂಬಿನ ಸಬ್‌ಟೈಟಲ್ ಅಕ್ಷರಗಳು ವಿಡಿಯೋದೊಳಗೆ ಇರುವುದಿಲ್ಲ, ಅದರ ಮೇಲೆ ಬೇರೆಯಾಗಿ ಬರೆದಿರುತ್ತಾರೆ. ಹಾಗಾಗಿ ಅವೂ ಅಲ್ಲೇ ಉಳಿದುಬಿಡುತ್ತವೆ. ಫೈರ್‌ಫಾಕ್ಸ್‌ನಲ್ಲಿ ಮಾತ್ರ, 2022ರ ಮೇನಲ್ಲಿ ಬಂದ 100ನೇ ಆವೃತ್ತಿಯಿಂದ ಯೂಟ್ಯೂಬ್ ಸಬ್‌ಟೈಟಲ್ ಕೂಡ ಕಿಟಕಿಗೆ ಬರುತ್ತದೆ. ನಮ್ಮ ಅಂಗಡಿಯಲ್ಲಿ ಸದ್ದು ಇಡೋ ಹಾಗಿಲ್ಲ, ಪಕ್ಕದಲ್ಲೇ ಗಿರಾಕಿ ಮಾತಾಡುತ್ತಿರುತ್ತಾರೆ. ಮ್ಯೂಟ್ ಮಾಡಿ ಓದಿಕೊಳ್ಳುತ್ತೇನೆ.

ಇನ್ನು ಜಾಗ. ಕಿಟಕಿ ಸಾಮಾನ್ಯವಾಗಿ ಬಲಗಡೆ ಕೆಳಗೆ ಬಂದು ಕೂರುತ್ತದೆ. ಕೋರಲ್ ಡ್ರಾದಲ್ಲಿ ಬಲಗಡೆಯೇ ಬಣ್ಣದ ಪಟ್ಟಿ, ಡಾಕರ್ ಅನ್ನೋ ಸೆಟ್ಟಿಂಗ್ ಫಲಕ ಎಲ್ಲ ಇರುವುದು. ಕುಂಕುಮದ ಕೆಂಪು ಹುಡುಕೋಕೆ ಹೋದರೆ ಕೈ ವಿಡಿಯೋ ಮೇಲೆ ಬೀಳುತ್ತದೆ. ಅದಕ್ಕೆ ಎಡಗಡೆಗೆ ಎಳೆದು, ಟೂಲ್‌ಬಾಕ್ಸ್ ಬಿಟ್ಟು, ಕಾರ್ಡಿನ ಪುಟದ ಆಚೆ ಖಾಲಿ ಜಾಗ ಇರುತ್ತದಲ್ವಾ, ಅಲ್ಲಿ ಕೂರಿಸುತ್ತೇನೆ. ಉದ್ದ ಕಾರ್ಡ್ ಆದರೆ ಎರಡೂ ಕಡೆ ಬೇಕಾದಷ್ಟು ಜಾಗ. ಅಡ್ಡ ಕಾರ್ಡ್ ಆದರೆ ಕಿಟಕಿಯನ್ನು ಚಿಕ್ಕದು ಮಾಡಲೇಬೇಕು.

ನನಗೆ ನಿಜವಾದ ಲಾಭ ಆಗಿದ್ದು ಕಲಿಯೋ ವಿಡಿಯೋಗಳಿಂದ. ಹುಡುಗ ಹುಡುಗಿ ಫೋಟೋವನ್ನು ಗುಂಡಗಿನ ಚೌಕಟ್ಟಿನೊಳಗೆ ಕೂರಿಸುವ ಪವರ್‌ಕ್ಲಿಪ್ ಅನ್ನೋ ಕೋರಲ್ ಡ್ರಾ ಸೌಲಭ್ಯವನ್ನು ಹೀಗೇ ಕಲಿತೆ. ವೇಗವನ್ನು ಮೊದಲೇ ಟ್ಯಾಬಿನಲ್ಲಿ 0.75ಕ್ಕೆ ಇಳಿಸಿ ಆಮೇಲೆ ಕಿಟಕಿ ಮಾಡಿದರೆ ಅದೇ ವೇಗದಲ್ಲಿ ಓಡುತ್ತದೆ. ಮೆನು ತೋರಿಸುವಾಗ ಕಿಟಕಿಯನ್ನು ಸ್ಕ್ರೀನಿನ ಕಾಲು ಭಾಗದಷ್ಟು ಹಿಗ್ಗಿಸುತ್ತೇನೆ, ಇಲ್ಲದಿದ್ದರೆ ಅಕ್ಷರ ಕಾಣಲ್ಲ. ವಿಡಿಯೋದಲ್ಲಿ ಕಲಿಸುವವರು 'ಪ್ಲೇಸ್ ಇನ್‌ಸೈಡ್ ಫ್ರೇಮ್' ಒತ್ತುತ್ತಿದ್ದಂತೆ ಕಿಟಕಿ ಮೇಲೆ ಕ್ಲಿಕ್ ಮಾಡಿ ಸ್ಪೇಸ್ ಬಾರ್, ವಿಡಿಯೋ ನಿಲ್ಲುತ್ತದೆ. ನಾನೂ ಅದನ್ನೇ ಒತ್ತಿ, ಬಾಣ ಬಂದಾಗ ಗುಂಡಗಿನ ಮೇಲೆ ಕ್ಲಿಕ್ ಮಾಡುತ್ತೇನೆ. ಫೋಟೋ ಒಳಗೆ ಹೋಗಿ ಕೂತಿತು. ಅರ್ಥ ಆಗದಿದ್ದರೆ ಎಡ ಬಾಣದ ಕೀಲಿ, ಸ್ವಲ್ಪ ಹಿಂದೆ ಹೋಗುತ್ತದೆ. ಟ್ಯಾಬ್ ಬದಲಿಸುತ್ತಾ, ನೋಡಿದ್ದು ಮರೆಯುತ್ತಾ ಕೂರೋ ಗೋಳೇ ಇಲ್ಲ.

ಕ್ರಿಕೆಟ್ ಕೂಡ ನಡೆಯುತ್ತದೆ. ಅಂಚಿನ ಅಲಂಕಾರ ಹಾಕುವಾಗ, ಅದೇ ಗಣಪತಿಯನ್ನು ಆ ಕಡೆ ಈ ಕಡೆ ಸರಿಸುವಾಗ ಕಣ್ಣು ಆಗಾಗ ಸ್ಕೋರ್ ಕಡೆ ಹೋದರೆ ಏನೂ ಮುಳುಗಲ್ಲ. ಕಥೆ ಇರುವ ಸಿನಿಮಾ, ಸೀರಿಯಲ್ ಮಾತ್ರ ಬೇಡ. ಅತ್ತ ಕಥೆಯೂ ಇಲ್ಲ, ಇತ್ತ ಕೆಲಸವೂ ಇಲ್ಲ.

ಟೈಪ್ ಮಾಡುವಾಗ ಹೆಡ್‌ಫೋನ್‌ನಲ್ಲಿ ಕನ್ನಡ ಮಾತು ಕೇಳುವುದಂತೂ ನನ್ನಿಂದಾಗದು. ಕಿವಿಗೆ ಬಿದ್ದ ಪದಕ್ಕೆ ಬೆರಳು ಓಡಿಬಿಡುತ್ತದೆ. ಮಾತಿಲ್ಲದ ಸಂಗೀತವಾದರೆ ಪರವಾಗಿಲ್ಲ. ಪ್ರೂಫ್ ನೋಡುವಾಗ ಕಿಟಕಿ ಪೂರ್ತಿ ಬಂದ್. ಚಿ|| ರಾ|| ಇರಬೇಕಾದ ಕಡೆ ಚಿ|| ಸೌ|| ಬಿದ್ದು ಕಾರ್ಡ್ ಪ್ರಿಂಟ್ ಆದರೆ ಆ ಮದುವೆ ಮನೆಯವರಿಗೆ ಯಾರು ಉತ್ತರ ಕೊಡೋದು? ಗಿರಾಕಿ ಪಕ್ಕ ಕೂತಾಗಲೂ ಅಷ್ಟೇ. "ಏನ್ ಸಾರ್, ಮ್ಯಾಚ್ ನೋಡ್ಕೊಂಡು ನಮ್ ಮಗಳ ಕಾರ್ಡ್ ಮಾಡ್ತಿದ್ದೀರಾ?" ಅಂತ ಕೇಳಿಸಿಕೊಳ್ಳೋದು ಯಾಕೆ?

ಡೌನ್‌ಲೋಡ್ ಮಾಡಿದ ಫೈಲ್ ಆದರೆ ವಿಎಲ್‌ಸಿ ಅನ್ನೋ ವಿಡಿಯೋ ಪ್ಲೇಯರ್ ಸಾಕು, ವಿಡಿಯೋ ಮೆನುವಿನಲ್ಲಿ 'ಆಲ್ವೇಸ್ ಆನ್ ಟಾಪ್' ಆನ್ ಮಾಡಿದರೆ ಮುಗಿಯಿತು.

ಫೋನಿನಲ್ಲಿ ನಾನು ಬಳಸುವುದು ಕಮ್ಮಿ. ಆಂಡ್ರಾಯ್ಡ್ ಫೋನ್‌ಗಳಿಗೆ 8.0 ಜೊತೆ 2017ರಲ್ಲಿ, ಐಫೋನ್‌ಗೆ ಐಒಎಸ್ 14 ಜೊತೆ 2020ರಲ್ಲಿ ಈ ಸೌಲಭ್ಯ ಬಂತು. ವಿಡಿಯೋ ಓಡುತ್ತಿರುವಾಗ ಹೋಮ್‌ಗೆ ಹೋದರೆ ಅದು ಚಿಕ್ಕದಾಗಿ ಉಳಿಯಬೇಕು. ಉಳಿಯದಿದ್ದರೆ ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ ಆಪ್‌ಗಳ 'ಸ್ಪೆಷಲ್ ಆಪ್ ಆಕ್ಸೆಸ್' ಒಳಗೆ ಪಿಕ್ಚರ್ ಇನ್ ಪಿಕ್ಚರ್ ಆನ್ ಇದೆಯಾ ನೋಡಿ. ಚಿಕ್ಕಪೇಟೆಗೆ ಮೆಟ್ರೋದಲ್ಲಿ ಬರುವಾಗ ಗಿರಾಕಿಗಳ ವಾಟ್ಸಾಪ್‌ಗೆ ಉತ್ತರ ಕೊಡೋದಕ್ಕೆ ಇದು ಸರಿ. ಗಾಡಿ ಓಡಿಸುವವರು ಮಾತ್ರ ದಯವಿಟ್ಟು ಬೇಡ. ಮ್ಯಾಪಿನ ಮೇಲೆ ಮ್ಯಾಚ್ ತೇಲಿಸಿಕೊಂಡು ಹೋಗುವ ಆಟೋ ಹತ್ತಿದಾಗೆಲ್ಲ ನನಗೆ ಸಿಗ್ನಲ್‌ನಲ್ಲೇ ಇಳಿದುಬಿಡೋಣ ಅನ್ನಿಸುತ್ತದೆ.

ಇಷ್ಟೆಲ್ಲ ಯಾಕೆ, ಇನ್ನೊಂದು ಮಾನಿಟರ್ ಇಟ್ಟುಕೊಳ್ಳಬಾರದಾ ಅಂತ ನಮ್ಮ ತಮ್ಮ ಕೇಳುತ್ತಾನೆ. ಇಟ್ಟುಕೊಳ್ಳಬಹುದು. ಸ್ಯಾಂಪಲ್ ಕಾರ್ಡ್ ಆಲ್ಬಮ್, ಕೀಬೋರ್ಡ್, ಗಿರಾಕಿ ಕೊಟ್ಟ ಹೆಸರಿನ ಪಟ್ಟಿ ಇಟ್ಟ ಮೇಲೆ ನಮ್ಮ ಟೇಬಲ್‌ನಲ್ಲಿ ಕಾಫಿ ಲೋಟಕ್ಕೇ ಜಾಗ ಇಲ್ಲ.