ಅಕ್ಕನ ಮೂಗಿನ ಮೇಲೆ ನೀಲಿ ಪಟ್ಟಿ

ಫ್ರಾನ್ಸಿನ ಚಿತ್ರಕಾರ ಹೆನ್ರಿ ಮತೀಸ್ 1905ರಲ್ಲಿ ತನ್ನ ಹೆಂಡತಿ ಅಮೆಲಿಯ ಮುಖ ಬರೆದು, ಹಣೆಯಿಂದ ಮೂಗಿನ ಮೇಲೆ ಹಾದು ಕೆಳಕ್ಕೆ ದಪ್ಪ ಹಸಿರು ಪಟ್ಟಿ ಎಳೆದ. ಚಿತ್ರ ಚಿಕ್ಕದು, ಎತ್ತರ ಸುಮಾರು 40 ಸೆಂಟಿಮೀಟರ್. ಈಗ ಕೋಪನ್‌ಹೇಗನ್‌ನ ಮ್ಯೂಸಿಯಂನಲ್ಲಿದೆ. ನಾನು ಅಸಲಿ ಚಿತ್ರ ನೋಡಿಲ್ಲ. ಒಂದು ಒಳ್ಳೆಯ ಪ್ರಿಂಟ್ ಮುಂದಿಟ್ಟುಕೊಂಡು ಕಲಿತವನು ನಾನು.

ಅದೇ ವರ್ಷ ಪ್ಯಾರಿಸ್ಸಿನ ಶರತ್ಕಾಲದ ಪ್ರದರ್ಶನದಲ್ಲಿ ಮತೀಸ್ ಬರೆದ ಟೋಪಿ ಹಾಕಿದ ಹೆಂಗಸಿನ ಚಿತ್ರ ನೋಡಿ ಜನ ನಕ್ಕಿದ್ದರು. ಅವನನ್ನೂ ಅವನ ಗೆಳೆಯರನ್ನೂ ಲೂಯಿ ವೋಸೆಲ್ ಎಂಬ ವಿಮರ್ಶಕ ಕಾಡುಮೃಗಗಳು, ಫ್ರೆಂಚಿನಲ್ಲಿ ಫೋವ್, ಅಂದ. ಫೋವಿಸಂ ಅನ್ನೋ ಹೆಸರು ಹುಟ್ಟಿದ್ದು ಅಲ್ಲಿಂದಲೇ. ಆ ಹೆಸರಿನಿಂದಾಗಿ ಇವರೆಲ್ಲ ಬಣ್ಣವನ್ನು ಸುಮ್ನೆ ಮನಸ್ಸಿಗೆ ಬಂದಂತೆ ಎರಚಿದರು ಅಂತ ಇವತ್ತಿಗೂ ತುಂಬಾ ಜನ ನಂಬಿದ್ದಾರೆ. ಕೂತು ನಕಲು ಮಾಡಿ ನೋಡಿ, ಎಷ್ಟು ಲೆಕ್ಕಾಚಾರ ಇದೆ ಅಂತ ಗೊತ್ತಾಗುತ್ತದೆ.

ನಾನು ಮೊದಲು ಪೋಸ್ಟರ್ ಕಲರ್‌ನಲ್ಲಿ ಅಮೆಲಿಯ ಚಿತ್ರವನ್ನೇ ನಕಲು ಮಾಡಿದೆ. ಪಟ್ಟಿಯ ಒಂದು ಕಡೆ ಮುಖ ಹಳದಿ ಛಾಯೆಯದು, ಇನ್ನೊಂದು ಕಡೆ ಗುಲಾಬಿ. ಹಿನ್ನೆಲೆಯಲ್ಲಿ ನೇರಳೆ, ಕಿತ್ತಳೆ ಕೆಂಪು, ಹಸಿರು. ಗುಲಾಬಿ ಕೆನ್ನೆಯ ಹಿಂದೆ ಹಸಿರು ಬಂದಿದೆ, ಹಳದಿ ಕೆನ್ನೆಯ ಹಿಂದೆ ನೇರಳೆ. ಬಣ್ಣಗಳನ್ನು ವೃತ್ತದಲ್ಲಿ ಕ್ರಮವಾಗಿ ಜೋಡಿಸಿದ ಬಣ್ಣದ ಚಕ್ರದಲ್ಲಿ ಇವು ಎದುರುಬದುರು ಕೂರುವ ಜೋಡಿಗಳು. ಪ್ರಿಂಟ್‌ನಲ್ಲಿ ಹಿನ್ನೆಲೆಯ ಹಸಿರನ್ನು ಕಾಗದದಿಂದ ಮುಚ್ಚಿ ನೋಡಿ. ಮೂಗಿನ ಪಟ್ಟಿ ತಕ್ಷಣ ಅಂಟಿಸಿದ ಹಾಗೆ ಕಾಣುತ್ತದೆ. ಕಾಗದ ತೆಗೆದರೆ ಮತ್ತೆ ನೆರಳಾಗಿ ಕೂರುತ್ತದೆ.

ಇದರ ಬೇರು ಇನ್ನೂ ಹಳೆಯದು. ಪ್ಯಾರಿಸ್ಸಿನ ಗೊಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ರಸಾಯನ ವಿಜ್ಞಾನಿ ಶೆವ್ರೊಲ್‌ಗೆ, ಕಪ್ಪು ನೂಲು ಪೇಲವವಾಗಿ ಕಾಣುತ್ತದೆ ಅಂತ ದೂರು ಬಂತು. ನೋಡಿದರೆ ಬಣ್ಣ ಸರಿಯಾಗೇ ಇತ್ತು. ಪಕ್ಕದ ನೂಲಿನ ಬಣ್ಣ ಕಣ್ಣಿಗೆ ಹಾಗೆ ಮಾಡುತ್ತಿತ್ತು. 1839ರಲ್ಲಿ ಅವನು ಇದರ ಬಗ್ಗೆ ದೊಡ್ಡ ಪುಸ್ತಕವನ್ನೇ ಬರೆದ. ಬಣ್ಣಗಾರರಿಗಿಂತ ಮೊದಲು ನೇಕಾರರ ಗೋಳಿನಿಂದ ಈ ವಿಷಯ ಹೊರಬಂತು ಅನ್ನೋದು ನನಗೆ ತುಂಬಾ ಇಷ್ಟ.

ನಕಲು ಮುಗಿದ ಮೇಲೆ ಅಕ್ಕನನ್ನು ಕೂರಿಸಿಕೊಂಡೆ. ಕಡುನೀಲಿ ಇಳಕಲ್ ಸೀರೆ, ಕೆಂಪು ಅಂಚು. ಅಕ್ಕನ ಮೈಬಣ್ಣ ಗೋಧಿಗಿಂತ ಒಂದು ಮಟ್ಟ ಕಪ್ಪು. ಮತೀಸ್‌ನ ಹಸಿರನ್ನು ಇಲ್ಲಿ ಹಾಗೇ ತಂದು ಹಾಕುವುದರಲ್ಲಿ ಅರ್ಥ ಇಲ್ಲ, ಯಾಕೆಂದರೆ ಅಮೆಲಿಯದು ಗುಲಾಬಿ ಮೈ. ನಮ್ಮ ಕಂದು ಮೈ ಬಣ್ಣದ ಲೆಕ್ಕದಲ್ಲಿ ಏನು? ಮಂಕಾದ, ಗಾಢವಾದ ಕಿತ್ತಳೆ. ಕಿತ್ತಳೆಯ ಎದುರು ಇರುವುದು ನೀಲಿ.

ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು, ಯೆಲ್ಲೋ ಓಕರ್ ಎಂಬ ಮಣ್ಣಿನ ಹಳದಿ, ಸ್ವಲ್ಪ ಬಿಳಿ ಸೇರಿಸಿ ಅಕ್ಕನ ಕೆನ್ನೆಯ ಬಣ್ಣ ಮಾಡಿಕೊಂಡೆ. ಅದನ್ನು ಒಂದು ರಟ್ಟಿಗೆ ಬಳಿದೆ. ಮೇಲೆ ಹಸಿರು, ನೇರಳೆ, ನೀಲಿ ಬಳಿದ ಕಾಗದದ ಪಟ್ಟಿಗಳನ್ನು ಒಂದೊಂದಾಗಿ ಇಟ್ಟು ನೋಡಿದೆ. ಹಸಿರಿನ ಪಕ್ಕ ಮೈಬಣ್ಣ ಕೆಂಪಗೆ ತಿರುಗಿ, ಜ್ವರ ಬಂದ ಮುಖದ ಹಾಗಾಯಿತು. ನೇರಳೆ ಪಕ್ಕ ಹಳದಿಗೆ ಹೋಯಿತು. ನೀಲಿ ಇಟ್ಟ ಕೂಡಲೇ ಕಂದು ಬಣ್ಣಕ್ಕೆ ಒಳಗಿನಿಂದ ಬಿಸಿ ಬಂತು.

ಆದರೆ ಟ್ಯೂಬಿನಿಂದ ಬಂದ ಅಲ್ಟ್ರಾಮರೀನ್ ನೀಲಿ ತುಂಬಾ ಗಾಢ. ಅದನ್ನು ಹಾಗೇ ಮೂಗಿನ ಮೇಲೆ ಎಳೆದರೆ ಮುಖ ಎರಡು ಹೋಳು. ಬಿಳಿ ಬೆರೆಸುತ್ತಾ, ಪ್ರತಿ ಸಲ ಮೊಬೈಲಿನಲ್ಲಿ ಕಪ್ಪು ಬಿಳುಪು ಫೋಟೋ ತೆಗೆದು ನೋಡಿದೆ. ಆ ಫೋಟೋದಲ್ಲಿ ನೀಲಿ ಪಟ್ಟಿಯೂ ಕೆನ್ನೆಯ ನೆರಳೂ ಒಂದೇ ಬೂದು ಬಣ್ಣಕ್ಕೆ ಬಂದಾಗ ಸರಿ ಅಂತ ಲೆಕ್ಕ. ಬಣ್ಣ ಯಾವುದಾದರೂ ಇರಲಿ, ಬೆಳಕು ನೆರಳಿನ ಮಟ್ಟ ಸರಿ ಇದ್ದರೆ ಕಣ್ಣು ಅದನ್ನು ಮೂಗು ಅಂತ ಒಪ್ಪಿಕೊಳ್ಳುತ್ತದೆ.

ಅಕ್ಕ ಎದ್ದು ಬಂದು ನೋಡಿ, "ಇದೇನಪಾ, ಮೂಗಿನ ಮ್ಯಾಲೆ ಸೀರಿ ಬಣ್ಣ ಬಳದೀಯಲ್ಲೋ" ಅಂದಳು. ಅವಳು ಹೇಳಿದ್ದು ನಿಜ. ಸೀರೆಯ ನೀಲಿಯೇ ಮುಖಕ್ಕೆ ಹತ್ತಿತ್ತು. ಹಾಗಾಗಿ ಹಿನ್ನೆಲೆಗೆ ಹೊಸ ಬಣ್ಣ ಹುಡುಕಲಿಲ್ಲ. ಅಂಚಿನ ಕೆಂಪನ್ನು ಒಂದು ಕಡೆ, ಅದಕ್ಕೆ ಎದುರಾಗಿ ತಣ್ಣನೆಯ ಹಸಿರನ್ನು ಇನ್ನೊಂದು ಕಡೆ ಹರಡಿದೆ.

ಇನ್ನೊಂದು ಸಂಗತಿ ಮತೀಸ್‌ನಿಂದ ನೇರವಾಗಿ ಎತ್ತಿಕೊಂಡೆ. 1905ರ ಬೇಸಿಗೆಯಲ್ಲಿ ಅವನು ಗೆಳೆಯ ಚಿತ್ರಕಾರ ಡೆರೇನ್ ಜೊತೆ ಕೊಲಿಯೂರ್ ಎಂಬ ಕಡಲೂರಿನಲ್ಲಿದ್ದ. ಅಲ್ಲಿ ಬರೆದ ಚಿತ್ರಗಳಲ್ಲಿ ಬಣ್ಣದ ಗೀಟುಗಳ ನಡುವೆ ಬಿಳಿ ಕ್ಯಾನ್ವಾಸ್ ಹಾಗೇ ಇಣುಕುತ್ತದೆ. ಇದು ಚೆಂದಕ್ಕೆ ಮಾತ್ರ ಅಲ್ಲ. ಹಸಿ ಆಯಿಲ್ ಕಲರ್‌ನಲ್ಲಿ ಎದುರು ಬಣ್ಣಗಳು ಒಂದಕ್ಕೊಂದು ತಾಗಿದರೆ ಕೆಸರಾಗುತ್ತವೆ. ನೀಲಿಗೂ ಕಂದಿಗೂ ನಡುವೆ ಕೂದಲೆಳೆಯಷ್ಟು ಜಾಗ ಬಿಟ್ಟೆ, ಎರಡೂ ಶುಭ್ರವಾಗಿ ಉಳಿದವು. ಪ್ರತಿ ಬಣ್ಣಕ್ಕೂ ಬೇರೆ ಬ್ರಷ್ ಇಟ್ಟುಕೊಂಡರೆ ಅರ್ಧ ಕೆಲಸ ಆದಂತೆ.

ಇದನ್ನು ಮಾಡಿ ನೋಡುವವರು ಕಪ್ಪು ಟ್ಯೂಬನ್ನು ದೂರ ಇಡಿ. ಕೂದಲಿಗೆ ನಾನು ಅಲ್ಟ್ರಾಮರೀನ್ ಮತ್ತು ಬರ್ನ್ಟ್ ಸಿಯೆನ್ನಾ ಬೆರೆಸಿದೆ, ಸಾಕಷ್ಟು ಕಪ್ಪಾಗುತ್ತದೆ. ಕ್ಯಾಡ್ಮಿಯಂ ಕೆಂಪು ದುಬಾರಿ. ಟ್ಯೂಬಿನ ಮೇಲೆ ಹ್ಯೂ (Hue) ಅಂತ ಬರೆದಿದ್ದರೆ ಒಳಗೆ ಬೇರೆ ಅಗ್ಗದ ಬಣ್ಣ ಇರುತ್ತದೆ. ಅಭ್ಯಾಸಕ್ಕೆ ಅದು ಸಾಕು, ಆದರೆ ಬಿಳಿ ಬೆರೆಸಿದಾಗ ಬೇರೆ ಥರ ತಿರುಗಬಹುದು. ಮೊದಲು ರಟ್ಟಿನ ಮೇಲೆ ಬಳಿದು ನೋಡಿಕೊಳ್ಳಿ.